ಕೋಲಿಗೂ ಒಂದು ‘ಅಯ್ಯೋ’

“ಸರ್, ಅಶ್ಶೂರದವರು ದೇವರ ಕೋಲು ಅಂತ ಯೆಶಾಯನೇ ಹೇಳ್ತಾನಲ್ಲ. ಹಾಗಾದ್ರೆ ಅವರು ಮಾಡಿದ್ದು ಸರಿನಾ?”

ಬೈಬಲಿನ ಹಳೆ ಒಡಂಬಡಿಕೆ ಪಾಠ ಮಾಡುವ ನನಗೆ ಈ ಪ್ರಶ್ನೆ ವರ್ಷಕ್ಕೊಮ್ಮೆಯಾದರೂ ಎದುರಾಗುತ್ತದೆ. ಕಳೆದ ಸಲ ಕೇಳಿದ ಹುಡುಗನ ಮನೆಯಲ್ಲಿ ಆಗಷ್ಟೇ ಸಾವಾಗಿತ್ತು. ಮಣ್ಣು ಮಾಡಿದ ದಿನವೇ ಯಾರೋ ಬಂದು ಇದೇ ವಾಕ್ಯ ಓದಿ, ‘ಇದು ದೇವರ ಶಿಕ್ಷೆ’ ಅಂತ ಹೇಳಿ ಹೋಗಿದ್ದರಂತೆ. ಹಾಗಾಗಿ ಅವನು ಪರೀಕ್ಷೆಗೋಸ್ಕರ ಕೇಳುತ್ತಿರಲಿಲ್ಲ.

ವಾಕ್ಯ ಇರುವುದು ಪ್ರವಾದಿ ಯೆಶಾಯನ ಪುಸ್ತಕದಲ್ಲಿ, 10:5ರಲ್ಲಿ. ಅಶ್ಶೂರ ಅಂದರೆ ಆಗ ಉತ್ತರದ ಇಸ್ರಾಯೇಲನ್ನೂ ದಕ್ಷಿಣದ ಯೆಹೂದವನ್ನೂ ತುಳಿದ ದೊಡ್ಡ ಸಾಮ್ರಾಜ್ಯ. ಅದರ ಹೀಬ್ರೂ ಮೂಲದ ಮೊದಲ ಪದವನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ: ‘ಹೋಯ್’. ಇದು ಹೆಣದ ಮುಂದೆ ಅಳುವವರ ಕೂಗು. ಒಂದನೇ ಅರಸುಗಳು 13ರಲ್ಲಿ ಸತ್ತ ಪ್ರವಾದಿಯನ್ನು ಹೂಳುವಾಗ ‘ಹೋಯ್, ನನ್ನ ಸಹೋದರನೇ’ ಎಂದೇ ಅಳುತ್ತಾರೆ. ನಮ್ಮ ‘ಅಯ್ಯೋ’ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಅದರಲ್ಲಿ ಮರುಕವೂ ಇದೆ, ‘ನಿನ್ನ ಕಥೆ ಮುಗೀತು’ ಅನ್ನುವುದೂ ಇದೆ. ಯೆಶಾಯ ಹೇಳುತ್ತಿರುವುದು ‘ಅಯ್ಯೋ ಅಶ್ಶೂರವೇ, ನನ್ನ ಸಿಟ್ಟಿನ ಕೋಲೇ’ ಎಂದು. ಕೋಲು ಎಂದು ಕರೆಯುವ ಮೊದಲೇ ಅದರ ಹೆಣ ಎತ್ತಿಯಾಗಿದೆ.

ಮುಂದಿನ ಸಾಲುಗಳನ್ನು ಜನ ಓದುವುದೇ ಇಲ್ಲ. ದೇವರು ಕಳಿಸಿದ್ದು ಒಂದಕ್ಕೆ, ಅಶ್ಶೂರದ ಮನಸ್ಸಿನಲ್ಲಿದ್ದದ್ದು ಇನ್ನೊಂದು ಎನ್ನುತ್ತದೆ 7ನೇ ವಚನ. ಎಷ್ಟು ಆಗುತ್ತದೋ ಅಷ್ಟು ಜನಾಂಗಗಳನ್ನು ಮುಗಿಸುವುದು ಅವನ ಲೆಕ್ಕ. ಆಮೇಲೆ ಅಶ್ಶೂರದ ಅರಸನೇ ಕೊಚ್ಚಿಕೊಳ್ಳುತ್ತಾನೆ: ಹಕ್ಕಿ ಬಿಟ್ಟುಹೋದ ಗೂಡಿನಿಂದ ಮೊಟ್ಟೆ ಎತ್ತಿಕೊಂಡಂತೆ ಲೋಕವನ್ನೆಲ್ಲ ಬಾಚಿಕೊಂಡೆ, ಯಾರೂ ರೆಕ್ಕೆ ಬಡಿಯಲಿಲ್ಲ, ಯಾರೂ ಕಿಚಕಿಚ ಅನ್ನಲಿಲ್ಲ. ಅದಕ್ಕೆ ಬರುವ ಉತ್ತರ, ಕಡಿಯುವವನ ಮುಂದೆ ಕೊಡಲಿ ಜಂಬ ಕೊಚ್ಚಿಕೊಳ್ಳುತ್ತದೆಯೇ ಎಂದು.

ಈ ಜಂಬ ಕವಿಯ ಕಲ್ಪನೆ ಅಲ್ವಾ ಅಂತ ಅನ್ನಿಸಬಹುದು. ಆದರೆ ಅಶ್ಶೂರದ ಅರಸ ಸನ್ಹೇರೀಬ ಬರೆಸಿದ ಮಣ್ಣಿನ ಪಟ್ಟಕಗಳು, ಅಂದರೆ ಹಲವು ಮುಖಗಳ ಗಟ್ಟಿಗಳು, ಸಿಕ್ಕಿವೆ. ಕ್ರಿ.ಪೂ. 701ರ ದಂಡಯಾತ್ರೆಯಲ್ಲಿ ಯೆಹೂದದ 46 ಕೋಟೆಯ ಊರುಗಳನ್ನು ಹಿಡಿದೆ, 2,00,150 ಜನರನ್ನು ಹೊರಡಿಸಿದೆ, ಅಲ್ಲಿನ ಅರಸ ಹಿಜ್ಕೀಯನನ್ನು ರಾಜಧಾನಿ ಯೆರೂಸಲೇಮಿನೊಳಗೆ ಪಂಜರದ ಹಕ್ಕಿಯಂತೆ ಕೂಡಿಹಾಕಿದೆ ಎಂದು ಅವನು ಬರೆಸಿದ್ದಾನೆ. ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ, ಗೆದ್ದವನ ಲೆಕ್ಕ ಯಾವಾಗಲೂ ಜಾಸ್ತಿಯೇ. ಆದರೆ ಹಕ್ಕಿಯನ್ನು ನೋಡಿ. ಯೆಶಾಯ ಗೂಡು ಅಂದ, ಅರಸ ಪಂಜರ ಅಂದ. ಪ್ರವಾದಿಗೆ ಆ ಆಸ್ಥಾನದ ಮಾತಿನ ವರಸೆ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಇನ್ನು, ತೀರ್ಪಿನ ಮಾತು ಯಾವಾಗ ಬಂತು? ಇನ್ನೊಬ್ಬ ಪ್ರವಾದಿ ಆಮೋಸ ಮಾತಾಡಿದ್ದು ಅರಸ ಎರಡನೇ ಯಾರೊಬ್ಬಾಮನ ಕಾಲದಲ್ಲಿ. ಆಗ ಉತ್ತರದ ಇಸ್ರಾಯೇಲಿಗೆ ಒಳ್ಳೆ ದಿನಗಳು. ದಂತದ ಮಂಚಗಳ ಮೇಲೆ ಮಲಗುವವರೇ ಎಂದು ಅವನು ಅಲ್ಲಿನ ರಾಜಧಾನಿ ಸಮಾರ್ಯದವರನ್ನು ಬೈಯುತ್ತಾನೆ. ಸಮಾರ್ಯವನ್ನು ಅಗೆದಾಗ ಕೆತ್ತನೆಯ ದಂತದ ತುಂಡುಗಳು ರಾಶಿರಾಶಿ ಸಿಕ್ಕವು. ದೀನನನ್ನು ಒಂದು ಜೊತೆ ಕೆರಕ್ಕೆ ಮಾರುತ್ತೀರಿ, ಅಳತೆ ಕಿರಿದು ಮಾಡಿ ತೂಕದ ಕಲ್ಲು ದೊಡ್ಡದು ಮಾಡುತ್ತೀರಿ ಎನ್ನುವುದು ಅವನ ದೂರು. ಹೀಬ್ರೂ ಮೂಲದಲ್ಲಿ ಅವನು ಅಶ್ಶೂರದ ಹೆಸರನ್ನೇ ಎತ್ತುವುದಿಲ್ಲ. ‘ದಮಸ್ಕದ ಆಚೆಗೆ ಗಡೀಪಾರು’ ಅಂತಷ್ಟೇ ಹೇಳುತ್ತಾನೆ. ಕ್ರಿ.ಪೂ. 745ರಲ್ಲಿ ಅಶ್ಶೂರದಲ್ಲಿ ತಿಗ್ಲತ್ಪಿಲೆಸರ ಪಟ್ಟಕ್ಕೆ ಬಂದ ಮೇಲೆ ‘ದಮಸ್ಕದ ಆಚೆ’ ಯಾವುದು ಅಂತ ಎಲ್ಲರಿಗೂ ಗೊತ್ತಾಯಿತು. ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯ ಬಿತ್ತು. ಅಲ್ಲಿಂದ 27,290 ಜನರನ್ನು ಸಾಗಿಸಿದೆ ಎಂದು ಅಶ್ಶೂರದ ಅರಸ ಸರ್ಗೋನ ಬರೆಸಿಕೊಂಡ.

ದೇವರು ತನ್ನ ನಾಡಿನ ಮೇಲೆಯೇ ಸಿಟ್ಟಾಗುತ್ತಾನೆ ಎನ್ನುವ ನಂಬಿಕೆ ಇಸ್ರಾಯೇಲರದ್ದು ಮಾತ್ರ ಅಲ್ಲ. ಈ ಪ್ರವಾದಿಗಳಿಗಿಂತ ಸುಮಾರು ನೂರು ವರ್ಷ ಮೊದಲೇ ಪಕ್ಕದ ಮೋವಾಬಿನ ಅರಸ ಮೇಷ, ಕೆಮೋಷ್ ದೇವರು ತನ್ನ ನಾಡಿನ ಮೇಲೆ ಸಿಟ್ಟಾಗಿದ್ದ, ಅದಕ್ಕೇ ಇಸ್ರಾಯೇಲ್ ನಮ್ಮನ್ನು ತುಳಿಯಿತು ಎಂದು ಕಲ್ಲಿನಲ್ಲಿ ಕೆತ್ತಿಸಿದ್ದ. ಆ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಆದರೆ ಮೇಷ ಅದನ್ನು ಹೇಳಿದ್ದು ತಾನು ಗೆದ್ದ ಮೇಲೆ, ಹಳೆ ಸೋಲಿಗೆ ಕಾರಣ ಕೊಡುವಾಗ. ಆಮೋಸ ಹೇಳಿದ್ದು ಸಂತೆಯಲ್ಲಿ ವ್ಯಾಪಾರ ಜೋರಾಗಿದ್ದಾಗ, ತೂಕದ ಕಲ್ಲು ಕೈಯಲ್ಲಿ ಹಿಡಿದವನ ಮುಖಕ್ಕೆ.

ಹುಡುಗನಿಗೆ ನಾನು ನಿಧಾನವಾಗಿ ಓದಿಸಿದ್ದು ಒಂದು ಜಾಗದ ಕಥೆಯನ್ನು. ಯೆರೂಸಲೇಮಿನ ಹೊರಗೆ, ಮೇಲಣ ಕೆರೆಯ ಕಾಲುವೆಯ ಹತ್ತಿರ, ಅಗಸರ ಹೊಲಕ್ಕೆ ಹೋಗುವ ದಾರಿ. ಯೆಶಾಯ 7ರಲ್ಲಿ ಪ್ರವಾದಿ ತನ್ನ ಮಗನನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಾನೆ. ಎರಡು ನೆರೆರಾಜ್ಯಗಳಿಗೆ ಹೆದರಿದ್ದ ಯೆಹೂದದ ಅರಸ ಆಹಾಜನಿಗೆ ‘ಸುಮ್ನಿರು, ಹೆದರಬೇಡ’ ಎನ್ನುತ್ತಾನೆ. ಆಹಾಜ ಕೇಳಲಿಲ್ಲ. ದೇವಾಲಯದ ಬೆಳ್ಳಿಬಂಗಾರ ತೆಗೆದು ತಿಗ್ಲತ್ಪಿಲೆಸರನಿಗೆ ಕಳಿಸಿ ‘ನಾನು ನಿನ್ನ ದಾಸ, ನಿನ್ನ ಮಗ’ ಎಂದ. ಕೋಲನ್ನು ಮನೆಗೆ ಕರೆದವರು ಇವರೇ.

ಮೂವತ್ತು ವರ್ಷ ದಾಟಿದ ಮೇಲೆ ಅದೇ ಕಾಲುವೆಯ ಹತ್ತಿರ, ಅದೇ ದಾರಿಯಲ್ಲಿ ಸನ್ಹೇರೀಬನ ಅಧಿಕಾರಿ ರಬ್ಷಾಕೆ ಬಂದು ನಿಂತ. ಯೆಹೂದ್ಯರ ಭಾಷೆಯಲ್ಲೇ ಮಾತಾಡಿದ. ಹಿಜ್ಕೀಯನ ಕಡೆಯವರು ಅರಾಮ್ಯದಲ್ಲಿ ಮಾತಾಡಪ್ಪಾ, ಗೋಡೆ ಮೇಲಿನ ಜನಕ್ಕೆ ಕೇಳಿಸುತ್ತದೆ ಎಂದು ಬೇಡಿಕೊಂಡರು. ಅವನಿಗೆ ಬೇಕಾಗಿದ್ದೇ ಅದು. ಅವನು ಹೇಳಿದ: ನಾನು ಸುಮ್ನೆ ಬಂದೆನೇ? ಈ ದೇಶವನ್ನು ಹಾಳುಮಾಡು ಅಂತ ನಿಮ್ಮ ಯೆಹೋವನೇ ನನ್ನನ್ನು ಕಳಿಸಿದ್ದಾನೆ.

ಇಲ್ಲಿ ಹುಡುಗ ತಲೆಯೆತ್ತಿದ. “ಸರ್, ಇದನ್ನೇ ಅಲ್ವಾ ಯೆಶಾಯನೂ ಹೇಳಿದ್ದು?”

ಹೌದು, ಹೆಚ್ಚುಕಮ್ಮಿ ಅದೇ ಮಾತು. ಯೆಶಾಯನ ಬಾಯಲ್ಲಿ ಬಂದಾಗ ಅದು ಪ್ರವಾದನೆ. ರಬ್ಷಾಕೆಯ ಬಾಯಲ್ಲಿ ಬಂದಾಗ ಹಿಜ್ಕೀಯ ಬಟ್ಟೆ ಹರಿದುಕೊಳ್ಳುತ್ತಾನೆ, ಇದು ಜೀವಸ್ವರೂಪನಾದ ದೇವರಿಗೆ ಮಾಡಿದ ನಿಂದೆ ಎನ್ನುತ್ತಾನೆ. ಯೆಶಾಯ ನಿಂತಿದ್ದು ಗೋಡೆಯ ಒಳಗೆ, ಏಟು ಬೀಳುವ ಕಡೆ. ರಬ್ಷಾಕೆ ಹೊರಗೆ, ಸೈನ್ಯವನ್ನು ಬೆನ್ನಿಗಿಟ್ಟುಕೊಂಡು. ಸಾವಿನ ಮನೆಗೆ ಬಂದು ವಾಕ್ಯ ಓದಿದವರು ಯಾವ ಕಡೆ ನಿಂತಿದ್ದರು ಅಂತ ನಾನು ಕೇಳಲಿಲ್ಲ. ಅವನಿಗೇ ಗೊತ್ತಾಗಿತ್ತು.

ಯೆರೂಸಲೇಮ್ ಬೀಳಲಿಲ್ಲ. ಯೆಹೋವನ ದೂತನು ಒಂದೇ ರಾತ್ರಿ 1,85,000 ಮಂದಿಯನ್ನು ಹೊಡೆದ ಎನ್ನುತ್ತದೆ ಬೈಬಲ್. ಕಪ್ಪ ವಸೂಲಿ ಮಾಡಿದೆ ಎನ್ನುತ್ತದೆ ಪಟ್ಟಕ. ನಗರ ಹಿಡಿದೆ ಅಂತ ಮಾತ್ರ ಸನ್ಹೇರೀಬ ಎಲ್ಲೂ ಹೇಳುವುದಿಲ್ಲ.

ಯೆಹೂದದ ಕೋಟೆಯ ಊರು ಲಾಕೀಷ್ ಬಿತ್ತು. ಅದನ್ನು ಅವನು ತನ್ನ ರಾಜಧಾನಿ ನಿನೆವೆಯ ಅರಮನೆಯ ಒಂದು ಕೋಣೆಯ ಗೋಡೆಗಳ ತುಂಬ ಕೆತ್ತಿಸಿದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವುಗಳ ಫೋಟೊವನ್ನು ನಾನು ಪ್ರತಿವರ್ಷ ತೋರಿಸುತ್ತೇನೆ. ಎತ್ತಿನ ಗಾಡಿ, ಗಂಟುಮೂಟೆಯ ಮೇಲೆ ಕೂತ ಹೆಂಗಸರು ಮಕ್ಕಳು, ಬರಿಗಾಲಲ್ಲಿ ನಡೆಯುವ ಸಾಲು, ಶೂಲಕ್ಕೆ ಏರಿಸಿದ ಗಂಡಸರು. ಅರಸ ಎತ್ತರದ ಸಿಂಹಾಸನದ ಮೇಲೆ ಕೂತು ನೋಡುತ್ತಿದ್ದಾನೆ. ಅವನ ಮುಖವನ್ನು ಹಳೆಯ ಕಾಲದಲ್ಲೇ ಯಾರೋ ಬೇಕಂತಲೇ ಜಜ್ಜಿಹಾಕಿದ್ದಾರೆ, ಬಹುಶಃ ಕ್ರಿ.ಪೂ. 612ರಲ್ಲಿ ನಿನೆವೆ ಬಿದ್ದಾಗ.

ಹುಡುಗ ಆ ಮುಖವನ್ನು ಜಾಸ್ತಿ ಹೊತ್ತು ನೋಡಲಿಲ್ಲ. ಗಾಡಿಯನ್ನೇ ನೋಡುತ್ತಿದ್ದ. ಹಿಂದಿನ ವಾರ ನಾವು ಪ್ರವಾದಿ ಮೀಕನನ್ನು ಓದಿದ್ದೆವು. ಮೀಕನ ಊರು ಲಾಕೀಷದ ಸೀಮೆಯದ್ದೇ. ರಾತ್ರಿ ಹಾಸಿಗೆಯಲ್ಲಿ ಯೋಚನೆ ಮಾಡಿ ಬೆಳಗಾಗುತ್ತಲೇ ಬಡವರ ಹೊಲ ಕಿತ್ತುಕೊಳ್ಳುವವರ ಮೇಲೆ ಅವನಿಗೆ ಸಿಟ್ಟು.

“ಸರ್, ಈ ಸಾಲಿನಲ್ಲಿ ಹೊಲ ಕಿತ್ತುಕೊಂಡವರು ಯಾರು, ಕಳ್ಕೊಂಡವರು ಯಾರು?”

ಕೆತ್ತಿದವನು ಆ ಗುರುತನ್ನು ಯಾರ ಮೇಲೂ ಬಿಟ್ಟಿಲ್ಲ.