ಇಂಗ್ಲಿಷಿನವರ ರಾತ್ರಿ ಲೆಕ್ಕ

ಸೋಮವಾರ ಬಟ್ಟೆ ಕೊಟ್ಟರೆ ಟೈಲರ್ ‘ಎಂಟು ದಿನ ಬಿಟ್ಟು ಬನ್ನಿ’ ಅನ್ನುತ್ತಾರೆ. ನಾವು ಮುಂದಿನ ಸೋಮವಾರವೇ ಹೋಗಿ ನಿಲ್ಲುತ್ತೇವೆ. ಬಟ್ಟೆ ಹೊಲಿದಿರುತ್ತಾರಾ ಅನ್ನೋದು ಬೇರೆ ಮಾತು! ಹಾಗೇ ಎರಡು ವಾರ ಅಂದರೆ ಹದಿನೈದು ದಿನ. ಏಳೆರಡ್ಲಿ ಹದಿನಾಲ್ಕು ಅಲ್ವಾ? ಹೌದು, ಆದರೆ ಈ ತುದಿಯ ದಿನವನ್ನೂ ಆ ತುದಿಯ ದಿನವನ್ನೂ ಸೇರಿಸಿ ಎಣಿಸುವುದು ನಮ್ಮ ರೂಢಿ.

ಇದೇ ಎರಡು ವಾರಕ್ಕೆ ಇಂಗ್ಲಿಷಿನಲ್ಲಿ ಫೋರ್ಟ್‌ನೈಟ್ ಅನ್ನುತ್ತಾರೆ. ಹಳೆಯ ಇಂಗ್ಲಿಷಿನ ‘ಹದಿನಾಲ್ಕು ರಾತ್ರಿ’ ಬಾಯಲ್ಲಿ ಸವೆದು ಹೀಗಾಗಿದೆ. ವಾರಕ್ಕೂ ಸೆನೈಟ್ ಎಂಬ ಪದವಿತ್ತು, ಅಂದರೆ ಏಳು ರಾತ್ರಿ. ಸೋಮವಾರದಿಂದ ಸೋಮವಾರಕ್ಕೆ ಹಗಲು ಎಣಿಸಿದರೆ 8, ನಡುವಿನ ರಾತ್ರಿ ಎಣಿಸಿದರೆ 7. ಎರಡೂ ಲೆಕ್ಕ ಸರಿಯೇ.

ರಾತ್ರಿಯನ್ನೇ ಯಾಕೆ ಎಣಿಸಿದರು? ಇಂಗ್ಲಿಷಿನ ಬೇರು ಜರ್ಮನಿಕ್ ಬುಡಕಟ್ಟುಗಳ ಮಾತಿನಲ್ಲಿದೆ. ಆ ಜನ ಹಗಲಲ್ಲ, ರಾತ್ರಿ ಎಣಿಸುತ್ತಾರೆ ಎಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೇ ಬರೆದಿದ್ದ. ಚಂದ್ರನನ್ನು ನೋಡಿ ಕಾಲ ಅಳೆಯುವವರಿಗೆ ಇದು ಸಹಜ. ಅಮಾವಾಸ್ಯೆ ಕಳೆದು ಎಳೆ ಚಂದ್ರ ಕಾಣುವುದೇ ಸೂರ್ಯ ಮುಳುಗಿದ ಮೇಲೆ. ಯಹೂದಿ ಮತ್ತು ಇಸ್ಲಾಮಿ ಪಂಚಾಂಗಗಳಲ್ಲಿ ಇಂದಿಗೂ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ನಮ್ಮ ‘ತಿಂಗಳು’ ಎಂಬ ಪದಕ್ಕೂ ಚಂದ್ರ ಎಂಬ ಅರ್ಥವಿದೆ. ಆದರೂ ನಮ್ಮ ಪಂಚಾಂಗದ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗಲೇ.

ಹಳೆಯ ಇಂಗ್ಲಿಷಿನಲ್ಲಿ ‘ಶುಕ್ರವಾರದ ಸಂಜೆ’ ಎಂಬ ಅರ್ಥದ ಒಂದು ಪದವಿತ್ತು. ಅದು ಸೂಚಿಸುತ್ತಿದ್ದುದು ಮಾತ್ರ ಗುರುವಾರದ ಸಂಜೆಯನ್ನು! ಕತ್ತಲಾಗುತ್ತಲೇ ಮರುದಿನದ ಲೆಕ್ಕ. ಕ್ರಿಸ್‌ಮಸ್ ಈವ್ ಡಿಸೆಂಬರ್ 24ಕ್ಕೆ ಬರುವುದೂ ಇದೇ ಜಾಡಿನಲ್ಲಿ.

ನಾವು ‘ಟುಡೇ ನೈಟ್’ ಅಂದಾಗ ಇಂಗ್ಲಿಷ್ ಮೇಷ್ಟ್ರು ‘ಟುನೈಟ್’ ಅಂತ ತಿದ್ದುತ್ತಾರೆ. ‘ಯೆಸ್ಟರ್‌ಡೇ ನೈಟ್’ ಅಂದರೆ ‘ಲಾಸ್ಟ್ ನೈಟ್’. ನಾವು ಸುಮ್ನೆ ‘ಇವತ್ತು ರಾತ್ರಿ’, ‘ನಿನ್ನೆ ರಾತ್ರಿ’ಯನ್ನು ಹಾಗೇ ದಾಟಿಸಿರುತ್ತೇವೆ. ನಮಗೆ ರಾತ್ರಿ ಅನ್ನುವುದು ಹಗಲಿನ ಬಾಲ. ಮಂಗಳವಾರ ಬೆಳಗಿನ ಜಾವ 2 ಗಂಟೆಗೆ ಮಗು ಹುಟ್ಟಿದರೆ ಆಸ್ಪತ್ರೆಯ ಕಾಗದದಲ್ಲಿ ಮಂಗಳವಾರ. ಮನೆಯ ಅಜ್ಜಿ ಮಾತ್ರ ‘ಸೋಮವಾರ ರಾತ್ರಿ ಹುಟ್ಟಿದ್ದು’ ಅಂತ ಪಟ್ಟು ಹಿಡಿಯುತ್ತಾರೆ. ಹಳೆಯ ಇಂಗ್ಲಿಷಿನವರನ್ನು ಕೇಳಿದ್ದರೆ, ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೇ ಮಂಗಳವಾರ ಬಂದಾಗಿತ್ತು ಅನ್ನುತ್ತಿದ್ದರು.