ಇಂಪಾಲಾ ಮತ್ತು ನೆಲದ ನಡುವಿನ ಜಾಗ

ಇಂಪಾಲಾ ಅಂದರೆ ಯಾವ ಕಾರು? ಉತ್ತರ ಸುಲಭ ಇಲ್ಲ. ಅಮೆರಿಕದ ಷೆವ್ರೊಲೆ ಕಂಪನಿ 1958ರಿಂದ 2020ರವರೆಗೆ ಹತ್ತು ತಲೆಮಾರಿನ ಕಾರುಗಳಿಗೆ ಇದೇ ಹೆಸರು ಇಟ್ಟಿತು. ನಡುವೆ ಎರಡು ಸಲ ಹೆಸರನ್ನೇ ಕೈಬಿಟ್ಟಿತ್ತು.

ಮೊದಲ ಇಂಪಾಲಾ ಅದೇ ಕಂಪನಿಯ ಬೆಲ್ ಏರ್ ಕಾರಿನ ದುಬಾರಿ ರೂಪ. ಹೆಸರು ಆಫ್ರಿಕಾದ ಜಿಂಕೆಯದು. 1959ರಲ್ಲಿ ಅದು ಸ್ವಂತ ಮಾದರಿಯಾಯಿತು. ಉದ್ದ ಸುಮಾರು ಹದಿನೇಳೂವರೆ ಅಡಿ, ಹಿಂದೆ ಬಾವಲಿಯಂತೆ ಹರಡಿದ ರೆಕ್ಕೆ. 1965ರಲ್ಲಿ ಒಂದೇ ವರ್ಷ 10 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಪೆಟ್ರೋಲ್ ದುಬಾರಿಯಾದ ಮೇಲೆ, 1977ರಲ್ಲಿ, ಮೈ ಕರಗಿಸಿಕೊಂಡಿತು. 1985ಕ್ಕೆ ನಿಂತಿತು. 1994ರಲ್ಲಿ ಮತ್ತೆ ಬಂದು 1996ಕ್ಕೆ ಪುನಃ ನಿಂತಿತು. 2000ದಲ್ಲಿ ಮರಳಿ ಬಂದದ್ದು ಮುಂದಿನ ಚಕ್ರ ಎಳೆಯುವ ಸಾಧಾರಣ ಸೆಡಾನ್. ಹೆಸರು ಅದೇ, ಕಾರು ಅದಲ್ಲ.

ಇಷ್ಟು ಕಂಪನಿಯ ಕಡೆಯ ಕತೆ. ಇಂಪಾಲಾ ನಿಜವಾಗಿ ಬದುಕಿದ್ದು ಕ್ಯಾಲಿಫೋರ್ನಿಯಾದ ಬೀದಿಗಳಲ್ಲಿ, ಹಳೇ ಕಾರು ಕೊಂಡವರ ಕೈಯಲ್ಲಿ. ಅಲ್ಲಿನ ಮೆಕ್ಸಿಕನ್ ಮೂಲದ ಯುವಕರು ಕಾರನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ನಿಧಾನವಾಗಿ ಸುತ್ತಾಡುತ್ತಿದ್ದರು. ಇಂಥ ಕಾರುಗಳೇ ಲೋರೈಡರ್‌ಗಳು. 1950ರ ದಶಕದ ಕೊನೆಗೆ ರಾಜ್ಯದ ಕಾನೂನು ಬಂತು: ಕಾರಿನ ಯಾವ ಭಾಗವೂ ಚಕ್ರದ ರಿಮ್‌ಗಿಂತ ಕೆಳಗೆ ಇರುವಂತಿಲ್ಲ.

1959ರಲ್ಲಿ ಅಲ್ಲಿನ ರಾನ್ ಅಗಿರೆ ಎಂಬುವರು ತಮ್ಮ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪ್, ಅಂದರೆ ದ್ರವದ ಒತ್ತಡದಿಂದ ಕಾರನ್ನು ಎತ್ತಿ ಇಳಿಸುವ ಪಂಪ್, ಕೂರಿಸಿದರು. ಪೊಲೀಸರು ಕಂಡರೆ ಕಾರು ಮೇಲೆ, ಹೋದರೆ ಕೆಳಗೆ. ಎಂಥ ಜಾಣತನ ಅಲ್ವಾ! ಈ ವಿದ್ಯೆಗೆ 1958ರಿಂದ 64ರವರೆಗಿನ ಇಂಪಾಲಾ ಹೇಳಿ ಮಾಡಿಸಿದಂತಿತ್ತು. ಅದರ ಚಾಸಿಸ್ ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರ. ಬದಿಗಳಲ್ಲಿ ಉದ್ದಕ್ಕೂ ಕಬ್ಬಿಣದ ತೊಲೆ ಇಲ್ಲ, ಹಾಗಾಗಿ ಮೈ ತೀರಾ ಕೆಳಗಿಳಿಯುತ್ತದೆ. ಪಕ್ಕದಿಂದ ಗುದ್ದಿದರೆ ರಕ್ಷಣೆ ಕಡಿಮೆ ಎಂಬ ದೂರೂ ಇದೇ ಚಾಸಿಸ್ ಮೇಲಿತ್ತು. ಕಾರಿನ ಹಿಂದೆ ಸಾಮಾನು ಇಡುವ ಜಾಗದಲ್ಲಿ ಸಾಲು ಬ್ಯಾಟರಿ, ಪಂಪ್. ಗುಂಡಿ ಒತ್ತಿದರೆ ಆ ಭಾರೀ ಕಾರು ಕುಣಿಯುತ್ತಿತ್ತು. 1964ರ ಇಂಪಾಲಾ ಎಂದರೆ ಲೋರೈಡರ್ ಪ್ರಿಯರಿಗೆ ಇವತ್ತಿಗೂ ಪ್ರಾಣ.

1980ರ ದಶಕದಲ್ಲಿ ಸುತ್ತಾಟವನ್ನೇ ನಿಷೇಧಿಸಲು ಊರುಗಳಿಗೆ ಅಧಿಕಾರ ಸಿಕ್ಕಿತು. ಟ್ರಾಫಿಕ್ ಜಾಮ್, ಗಲಾಟೆ ಎಂಬ ಕಾರಣಗಳಿದ್ದವು. ಆದರೆ ವಾರವೆಲ್ಲ ಉಜ್ಜಿ ಹೊಳಪು ಕೊಟ್ಟ ಕಾರನ್ನು ಮನೆಮಂದಿ ಜೊತೆ ಸುಮ್ನೆ ಓಡಿಸುವವರೂ ಅದೇ ಬಲೆಗೆ ಬಿದ್ದರು.

2020ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನ ಕಾರ್ಖಾನೆಯಿಂದ ಕೊನೆಯ ಇಂಪಾಲಾ ಹೊರಬಂತು. ಕ್ಯಾಲಿಫೋರ್ನಿಯಾ ಎರಡೂ ನಿರ್ಬಂಧ ತೆಗೆದದ್ದು 2024ರ ಜನವರಿ 1ರಿಂದ. ಅಷ್ಟರಲ್ಲಿ 64ರ ಮಾದರಿಗೆ ಅರವತ್ತು ತುಂಬಿತ್ತು.