ಬೇಲಿಫ್ ಒಬ್ಬನಲ್ಲ: ಹಳೆಯ ನಾರ್ವೆಯ ‘ಆರ್‌ಮದ್ರ್’

ಮಧ್ಯಯುಗದ ನಾರ್ವೆಯ ದಾಖಲೆಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದುವವರಿಗೆ ‘ಬೇಲಿಫ್’, ಅಂದರೆ ವಸೂಲಿ, ಜಪ್ತಿಯಂಥ ಕೆಲಸದ ಅಧಿಕಾರಿ, ಪದೇ ಪದೇ ಎದುರಾಗುತ್ತಾನೆ. ಅದನ್ನು ಕನ್ನಡಕ್ಕೆ ತರುವಾಗ ಎಲ್ಲ ಕಡೆಯೂ ‘ಅಮೀನ’ ಎಂದು ಬರೆದರೆ ಅರ್ಥ ಕೆಡುತ್ತದೆ. ಮೂಲದಲ್ಲಿ ಆ ಜಾಗದಲ್ಲಿರುವುದು ಒಂದೇ ಪದವಲ್ಲ, ಕನಿಷ್ಠ ನಾಲ್ಕು.

ಹಳೆಯದು ‘ಆರ್‌ಮದ್ರ್’. ‘ಮದ್ರ್’ ಎಂದರೆ ಮನುಷ್ಯ, ತೊಡಕಿರುವುದು ‘ಆರ್’ನಲ್ಲಿ. ಆ ಕಾಲದ ನಾರ್ವೆಯ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ ವರ್ಷಕ್ಕೂ ಒಳ್ಳೆಯ ಬೆಳೆಗೂ ‘ಆರ್’ ಎಂಬ ಮಾತಿದೆ. ಹಾಗಾಗಿ ‘ವರ್ಷಾವಧಿ ಕಂದಾಯ ಎತ್ತುವವನು’ ಎಂದು ಬಿಡಿಸಲು ಕೈ ತುರಿಸುತ್ತದೆ. ಅದು ತಪ್ಪು. ಇಲ್ಲಿನ ‘ಆರ್’ ಬೇರೆ ಪದ: ದೂತ, ಆಳು. ಗಾಥಿಕ್ ಭಾಷೆಯ ‘ಐರುಸ್’ ಇದರ ದಾಯಾದಿ, ಅದಕ್ಕೂ ದೂತ ಎಂದೇ ಅರ್ಥ. ರಾಜನ ಜಮೀನು ನೋಡಿಕೊಳ್ಳುವುದು, ದಂಡ ವಸೂಲಿ ಮಾಡುವುದು ಇವನ ಕೆಲಸ. ಬಿಷಪ್ಪರಿಗೂ ಇಂಥವರಿದ್ದರು. ಕನ್ನಡದಲ್ಲಿ ‘ಪಾರುಪತ್ತೇಗಾರ’ ಹತ್ತಿರ ಬರುತ್ತದೆ, ಆದರೆ ಆ ಪದಕ್ಕಿರುವ ಗೌರವ ಇವನಿಗಿರಲಿಲ್ಲ.

ಎಷ್ಟು ಇರಲಿಲ್ಲ ಎಂಬುದು 13ನೇ ಶತಮಾನದ ಐಸ್‌ಲ್ಯಾಂಡಿನ ಇತಿಹಾಸಕಾರ ಸ್ನೋರಿ ಬರೆದ, ನಾರ್ವೆಯ ಓಲಾಫ್ ರಾಜನ ಚರಿತ್ರೆಯಲ್ಲಿ ಕಾಣುತ್ತದೆ. 1020ರ ದಶಕದ ಆರಂಭ. ಉತ್ತರದಲ್ಲಿ ಬೆಳೆ ಹೋಗಿದೆ. ದಕ್ಷಿಣದಿಂದ ಧಾನ್ಯ ಸಾಗಿಸಬಾರದೆಂದು ರಾಜಾಜ್ಞೆ. ಆಸ್‌ಬ್ಯೋರ್ನ್ ಎಂಬ ಉತ್ತರದ ಮನೆತನಸ್ಥ ತನ್ನ ಸೋದರಮಾವನ ಆಳುಗಳಿಂದ ಧಾನ್ಯ ಕೊಂಡು ಹೊರಟಾಗ, ಅವಾಲ್ಡ್ಸ್‌ನೆಸ್‌ನ ಆರ್‌ಮದ್ರ್ ಥೋರಿರ್ ಸರಕನ್ನೆಲ್ಲ ಜಪ್ತಿ ಮಾಡಿದ. ಸಾಲದ್ದಕ್ಕೆ ಹಡಗಿನ ಒಳ್ಳೆಯ ಹಾಯಿ ಬಿಚ್ಚಿಸಿಕೊಂಡು ಹಳೆಯದೊಂದನ್ನು ಕೊಟ್ಟ. ಮುಂದಿನ ಈಸ್ಟರ್‌ನಲ್ಲಿ ಆಸ್‌ಬ್ಯೋರ್ನ್ ರಾಜನ ಕಣ್ಣೆದುರೇ ಥೋರಿರ್‌ನ ತಲೆ ಕಡಿದ. ಕೊನೆಗಾದ ರಾಜಿಯ ಷರತ್ತು ಕೊಂದವನೇ ಆ ಹುದ್ದೆಗೆ ಕೂರಬೇಕೆಂಬುದು. ‘ರಾಜನ ತೊತ್ತಾಗುತ್ತೀಯಾ?’ ಎಂಬ ಅರ್ಥದಲ್ಲಿ ಚಿಕ್ಕಪ್ಪ ಛೇಡಿಸಿದ ಮೇಲೆ ಅವನು ಆ ಕಡೆ ತಲೆಹಾಕಲಿಲ್ಲ. ಪದದ ಮೂಲಾರ್ಥ ಜನರ ಕಿವಿಗೆ ಇನ್ನೂ ಬೀಳುತ್ತಿತ್ತು ಎನಿಸುತ್ತದೆ.

12ನೇ ಶತಮಾನದ ಕೊನೆಯ ಹೊತ್ತಿಗೆ ‘ಸಿಸ್ಲುಮದ್ರ್’ ಮೇಲೆ ಬರುತ್ತಾನೆ. ಇಡೀ ನಾರ್ವೆಗೆ ಅನ್ವಯಿಸಿದ 1274ರ ಕಾನೂನು ಸಂಹಿತೆಯಲ್ಲಿ ಇವನದೇ ಓಡಾಟ. ‘ಸಿಸ್ಲಾ’ ಎಂದರೆ ಕೆಲಸ. ಆಮೇಲೆ ಆ ಕೆಲಸದ ವ್ಯಾಪ್ತಿಯ ಪ್ರದೇಶ. ಇದಕ್ಕೆ ‘ಅಮಲ್ದಾರ’ ಎನ್ನಲು ಹಿಂಜರಿಯಬೇಕಿಲ್ಲ: ಅರಬ್ಬಿಯ ‘ಅಮಲ್’ ಅಂದರೂ ಕೆಲಸವೇ.

ಹೆಚ್ಚು ಎಡವುವುದು ‘ಲೇನ್ಸ್‌ಮದ್ರ್’ ಬಂದಾಗ. ‘ಲೇನ್’ ಕೆಳಜರ್ಮನ್‌ನಿಂದ ಬಂದದ್ದು, ಉಂಬಳಿ ಎಂದರ್ಥ. ಇದನ್ನು ಹಳೆಯ ‘ಲೆಂಡರ್ ಮದ್ರ್’ ಜೊತೆ ಬೆರೆಸಬಾರದು. ಲೆಂಡರ್ ಮದ್ರ್ ರಾಜನಿಂದ ಭೂಮಿ ಪಡೆದ ಸರದಾರ, 1277ರಲ್ಲಿ ‘ಬ್ಯಾರನ್’ ಎಂಬ ಬಿರುದು ಪಡೆದವನು. ಹಳ್ಳಿಯ ಲೇನ್ಸ್‌ಮದ್ರ್ ಅಮಲ್ದಾರನ ಕೈಕೆಳಗಿನ ರೈತ. ಗೊಂದಲವಾದರೆ ಮೊದಲು ದಾಖಲೆಯ ಇಸವಿ ನೋಡಿ, ಆಮೇಲೆ ಆತ ಯಾರಿಗೆ ಲೆಕ್ಕ ಒಪ್ಪಿಸುತ್ತಾನೆಂದು ನೋಡಿ. ನಿಘಂಟು ಕೊನೆಗೆ.

ಮಧ್ಯಯುಗ ಮುಗಿಯುತ್ತ ಬಂದ ‘ಫೋಗ್ಡ್’ ಲ್ಯಾಟಿನ್ನಿನ ‘ಅಡ್ವೊಕಾಟುಸ್’ ಸವೆದು ಆದದ್ದು. ನಮ್ಮ ವಕೀಲರ ಬೋರ್ಡಿನ ಮೇಲಿನ ‘ಅಡ್ವೊಕೇಟ್’ ಕೂಡ ಅದೇ. ಈಗಲೂ ಓಸ್ಲೊದಲ್ಲಿ ಸಾಲಗಾರರ ಆಸ್ತಿ ಜಪ್ತಿ ಮಾಡುವವನು ‘ನಾಮ್ಸ್‌ಫೋಗ್ಡ್’. ‘ಅಮೀನ’ ಎಂಬ ಅನುವಾದ ಒಪ್ಪುವುದು ಇವನಿಗೆ. ಸಿಸ್ಲುಮದ್ರ್‌ನ ಹೆಸರು ಉತ್ತರ ಧ್ರುವದ ಕಡೆಯ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಆಡಳಿತಾಧಿಕಾರಿಗೆ 1925ರಿಂದ ‘ಸಿಸೆಲ್‌ಮನ್’ ಎಂದು ನಡೆದುಬಂದಿತ್ತು. ಹುದ್ದೆಯ ಹೆಸರಲ್ಲಿ ಗಂಡಸೇ ಯಾಕಿರಬೇಕೆಂದು 2021ರ ಜುಲೈಯಲ್ಲಿ ‘ಮನ್’ ತೆಗೆದು ‘ಸಿಸೆಲ್‌ಮೆಸ್ಟರ್’ ಮಾಡಿದರು.